ವಿಜಯಪುರದ ಬಿಸಿಲು, ಬೋರ್ ನೀರು, ಎರೆಮಣ್ಣು: ನಮ್ಮ ಕಡೆಯ ಕಟ್ಟಡಗಳಲ್ಲಿ ಸ್ಪ್ರಿಂಕ್ಲರ್ ನಿರ್ವಹಣೆ

ಅಗ್ನಿಶಾಮಕ ಇಲಾಖೆಯವರು ಬಂದು ನೋಡಿ ಹೋದ ದಿನ ಯಾವ ಕಟ್ಟಡದ ಸ್ಪ್ರಿಂಕ್ಲರ್ (ಬೆಂಕಿಯ ಬಿಸಿಗೆ ಛಾವಣಿಯಿಂದ ತಾನೇ ನೀರು ಸುರಿಸುವ ವ್ಯವಸ್ಥೆ) ಆದರೂ ಸರಿಯಾಗಿಯೇ ಇರುತ್ತದೆ. ಪಂಪ್ ಶುರುವಾಗುತ್ತದೆ, ಗಂಟೆ ಬಾರಿಸುತ್ತದೆ, ಒತ್ತಡದ ಗೇಜಿನ ಮುಳ್ಳು ಏಳು ಕೆಜಿ (ಚದರ ಸೆಂಟಿಮೀಟರಿಗೆ) ತೋರಿಸುತ್ತದೆ. ಅದು ಕೆಡುವುದು ಆಮೇಲೆ, ಸದ್ದಿಲ್ಲದೆ. ಲಿಫ್ಟ್ ಕೆಟ್ಟರೆ ಅರ್ಧ ಗಂಟೆಯಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ಸ್ಪ್ರಿಂಕ್ಲರ್ ಕೆಟ್ಟಿದ್ದು ಬೆಂಕಿ ಬೀಳುವ ತನಕ ಯಾರಿಗೂ ಗೊತ್ತಾಗುವುದಿಲ್ಲ, ನಾವೇ ಹೋಗಿ ನೋಡದ ಹೊರತು.

ನೋಡಬೇಕಾದದ್ದೆಲ್ಲ ಪುಸ್ತಕದಲ್ಲಿದೆ. ನ್ಯಾಷನಲ್ ಬಿಲ್ಡಿಂಗ್ ಕೋಡ್ 2016ರ ನಾಲ್ಕನೇ ಭಾಗ, ಸ್ಪ್ರಿಂಕ್ಲರ್‌ಗೆಂದೇ ಇರುವ ಭಾರತೀಯ ಮಾನಕ ಐಎಸ್ 15105, ಜೊತೆಗೆ ತಪಾಸಣೆಯ ಅವಧಿಗಳಿಗೆ ಹಲವರು ಅನುಸರಿಸುವ ಅಮೆರಿಕದ ಮಾನಕ ಎನ್‌ಎಫ್‌ಪಿಎ 25. ಆದರೆ ಆ ಪುಸ್ತಕಗಳನ್ನು ಬರೆದವರ ಮುಂದೆ ನಮ್ಮ ಎರೆಭೂಮಿ, ಗಡಸು ಬೋರ್ ನೀರು, ಏಪ್ರಿಲ್-ಮೇ ತಿಂಗಳ ನಲವತ್ತು ದಾಟುವ ಬಿಸಿಲು, ಮಗ್ಗದ ಶೆಡ್ಡಿನ ಹತ್ತಿಯ ಧೂಳು ಇರಲಿಲ್ಲ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆ ಲಾಡ್ಜ್, ಆಸ್ಪತ್ರೆ, ಬಟ್ಟೆ ಅಂಗಡಿ, ಕಲ್ಯಾಣ ಮಂಟಪ, ಗೋದಾಮು ನಡೆಸುವವರು ಮತ್ತು ಅಲ್ಲಿನ ಮೇಂಟೆನೆನ್ಸ್ ಹುಡುಗರು ಈ ನಾಲ್ಕನ್ನೂ ಲೆಕ್ಕಕ್ಕೆ ಹಿಡಿದೇ ಕೆಲಸ ಮಾಡಬೇಕು.

ಮೊದಲು ಬಲ್ಬಿನ ಬಣ್ಣ

ಸ್ಪ್ರಿಂಕ್ಲರ್ ಹೆಡ್ಡಿನ (ಪೈಪಿಗೆ ಕೂಡಿಸಿದ, ನೀರು ಸುರಿಸುವ ಬಾಯಿ) ಗಾಜಿನ ಬಲ್ಬಿನಲ್ಲಿ ಬಣ್ಣದ ದ್ರವವಿರುತ್ತದೆ. ಕಾದಂತೆ ದ್ರವ ಹಿಗ್ಗಿ ಬಲ್ಬ್ ಒಡೆಯುತ್ತದೆ, ಒಳಗಿನ ಮುಚ್ಚಳ ಕಳಚಿ ನೀರು ಹೊರಬರುತ್ತದೆ. ಒಡೆದ ಹೆಡ್ಡಿನಿಂದಷ್ಟೇ ನೀರು ಬರುತ್ತದೆ. ಇಡೀ ಮಹಡಿಯ ಹೆಡ್ಡುಗಳು ಒಮ್ಮೆಲೇ ಸುರಿಯುತ್ತವೆ ಎಂಬುದು ತಪ್ಪು ತಿಳಿವಳಿಕೆ. ಅದನ್ನು ನಂಬಿ, ದಾಸ್ತಾನು ತೊಯ್ದೀತೆಂದು ಹೆದರಿ ವಾಲ್ವ್ ಮುಚ್ಚಿಡುವವರಿದ್ದಾರೆ. ಸಾಮಾನ್ಯ ಕೆ-80 ಹೆಡ್ ಒಂದು ಬಾರ್ (ಸುಮಾರು ಒಂದು ಕೆಜಿ) ಒತ್ತಡದಲ್ಲಿ ನಿಮಿಷಕ್ಕೆ 80 ಲೀಟರ್ ಕೊಡುತ್ತದೆ. ಒತ್ತಡ ನಾಲ್ಕು ಪಟ್ಟಾದರೆ ನೀರು ಎರಡು ಪಟ್ಟಾಗುತ್ತದೆ, ಅಂದರೆ 160 ಲೀಟರ್.

ಬಣ್ಣವೇ ಒಡೆಯುವ ತಾಪಮಾನ ಹೇಳುತ್ತದೆ: ಕಿತ್ತಳೆ 57 ಡಿಗ್ರಿ, ಕೆಂಪು 68, ಹಳದಿ 79, ಹಸಿರು 93, ನೀಲಿ 141. ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವುದು ಕೆಂಪು, ಎಲ್ಲ ಕಡೆ ಅದನ್ನೇ ಹಾಕಿ ಮುಗಿಸುತ್ತಾರೆ. ಆದರೆ 57ರಿಂದ 77 ಡಿಗ್ರಿಯ ದರ್ಜೆಯ ಹೆಡ್ಡುಗಳು ಇರುವಲ್ಲಿ ಛಾವಣಿ ಮಟ್ಟದ ಗಾಳಿ 38 ಡಿಗ್ರಿ ದಾಟಬಾರದು. ಎಸಿ ಇರುವ ಕೋಣೆಗೆ ಇದು ತೊಂದರೆಯಲ್ಲ. ವಿಜಯಪುರದ ಮೇ ತಿಂಗಳಲ್ಲಿ ಎಸಿ ಇಲ್ಲದ ಮೇಲ್ಮಹಡಿ, ಪತ್ರಾಸ್ ಹೊದಿಸಿದ ಗೋದಾಮು, ಜನರೇಟರ್ ಕೋಣೆ, ಅಡುಗೆ ಮನೆ ಈ ಮಿತಿಯನ್ನು ದಿನವೂ ದಾಟುತ್ತವೆ. ಅಲ್ಲಿಗೆ ಹಳದಿ ಅಥವಾ ಹಸಿರು ಬಲ್ಬ್ ಬೇಕು. 79ರಿಂದ 107 ಡಿಗ್ರಿಯ ದರ್ಜೆ 66 ಡಿಗ್ರಿವರೆಗಿನ ಛಾವಣಿ ಬಿಸಿಗೆ ನಡೆಯುತ್ತದೆ. ಊಹೆಯ ಮೇಲೆ ತೀರ್ಮಾನಿಸಬೇಡಿ. ಅತಿ ಹೆಚ್ಚು ತಾಪಮಾನವನ್ನು ಹಿಡಿದಿಡುವ ಥರ್ಮಾಮೀಟರ್ ಒಂದನ್ನು ಹೆಡ್ಡಿನ ಮಟ್ಟದಲ್ಲಿ ಕಟ್ಟಿ ಏಪ್ರಿಲ್ ಮಧ್ಯದಿಂದ ಮೇ ಕೊನೆವರೆಗೆ ಬಿಡಿ. ಸಿಕ್ಕ ಅಂಕಿಗೆ 30 ಸೇರಿಸಿ, ಅದಕ್ಕೆ ಕಡಿಮೆ ಇಲ್ಲದ ಮೊದಲ ಬಣ್ಣ ಆರಿಸಿ. ಹೆಚ್ಚೇ ಇರಲೆಂದು ಕಚೇರಿಗೆ ನೀಲಿ ಹಾಕಿಸುವುದು ಇನ್ನೂ ಅಪಾಯ. ಬೆಂಕಿ ಬೆಳೆದ ಮೇಲೆ ಅದು ಒಡೆಯುತ್ತದೆ.

ತಪ್ಪು ಬಲ್ಬಿನ ಪರಿಣಾಮ ಎಲ್ಲಿಗೆ ಮುಟ್ಟುತ್ತದೆ ನೋಡಿ. ಬೇಸಿಗೆಯ ಮಧ್ಯಾಹ್ನ ಬೆಂಕಿಯಿಲ್ಲದೆ ಒಂದು ಹೆಡ್ ಒಡೆಯುತ್ತದೆ, ಮಾಲು ಹಾಳಾಗುತ್ತದೆ, ಮಾಲೀಕರು ಬೇಸತ್ತು ಆ ಮಹಡಿಯ ವಾಲ್ವ್ ಮುಚ್ಚಿಸುತ್ತಾರೆ. ಮುಂದೆ ಅದನ್ನು ಯಾರೂ ತೆರೆಯುವುದಿಲ್ಲ. ಅಮೆರಿಕದ ಅಂಕಿಅಂಶಗಳಲ್ಲಿ ಸ್ಪ್ರಿಂಕ್ಲರ್ ವಿಫಲವಾಗಲು ಮೊದಲ ಕಾರಣ ಹೆಡ್ ದೋಷವಲ್ಲ, ಮುಚ್ಚಿದ ವಾಲ್ವ್.

ದೀಪಾವಳಿಗೆ ಸುಣ್ಣಬಣ್ಣ ಮಾಡಿಸುವಾಗ ಹೆಡ್ಡುಗಳಿಗೆ ತೆಳು ಕಾಗದದ ಅಥವಾ ಪ್ಲಾಸ್ಟಿಕ್ ಚೀಲ ಕಟ್ಟಿಸಿ, ಅದೇ ದಿನ ಸಂಜೆ ಬಿಚ್ಚಿಸಿ. ಬಲ್ಬಿಗೋ ಮುಚ್ಚಳಕ್ಕೋ ಬಣ್ಣ ತಾಗಿದ ಹೆಡ್ಡನ್ನು ಥಿನ್ನರ್‌ನಿಂದ ಒರೆಸಿ ಉಳಿಸುವ ಪ್ರಯತ್ನ ಬೇಡ, ಬದಲಿಸಲೇಬೇಕು. ಬಣ್ಣದ ಪದರ ಬಿಸಿಯನ್ನು ತಡೆಯುತ್ತದೆ, ಮುಚ್ಚಳವನ್ನು ಅಂಟಿಸಿಯೂ ಬಿಡುತ್ತದೆ. ಹೊಸ ಕಟ್ಟಡದಲ್ಲಿ ಬಲ್ಬಿನ ಮೇಲಿನ ಪ್ಲಾಸ್ಟಿಕ್ ರಕ್ಷಣಾ ಪಟ್ಟಿಯನ್ನು ತೆಗೆಯದೆ ಬಿಟ್ಟಿರುವುದೂ ಉಂಟು. ಟಾರ್ಚ್ ಹಿಡಿದು ಒಂದೊಂದನ್ನೇ ನೋಡಿ.

ರಬಕವಿ-ಬನಹಟ್ಟಿಯ ಮಗ್ಗಗಳು, ಬೆಳಗಾವಿ ವಡಗಾವಿಯ ಪವರ್‌ಲೂಮ್‌ಗಳು, ಬೈಲಹೊಂಗಲ ಕಡೆಯ ಹತ್ತಿ ಜಿನ್ನಿಂಗ್ ಶೆಡ್ಡುಗಳಲ್ಲಿ ಹೆಡ್ಡಿನ ಸುತ್ತ ಹತ್ತಿಯ ಎಳೆಗಳು ಕೂರುತ್ತವೆ. ಅವು ಬಲ್ಬಿಗೆ ಬಿಸಿ ತಟ್ಟದಂತೆ ತಡೆಯುತ್ತವೆ, ಬೆಂಕಿಯನ್ನು ಪೈಪಿನುದ್ದಕ್ಕೂ ಓಡಿಸುತ್ತವೆ. ತಿಂಗಳಿಗೊಮ್ಮೆ ವ್ಯಾಕ್ಯೂಮ್‌ನಿಂದ ಎಳೆದು ಅಥವಾ ದೂರದಿಂದ ಗಾಳಿ ಊದಿ ತೆಗೆಯಿರಿ. ಊದುವ ಮೊದಲು ಮಗ್ಗಗಳನ್ನು ನಿಲ್ಲಿಸಿ, ಹಾರುವ ಎಳೆಗೆ ಕಿಡಿ ತಾಗಬಾರದು. ಯಾವ ಉಪಕರಣವೂ ಹೆಡ್ಡಿಗೆ ಮುಟ್ಟಬಾರದು. ಒರೆಸಿದರೆ ಮಾತ್ರ ಹೋಗುವಂಥ ಎಣ್ಣೆ ಜಿಡ್ಡು ಕೂತಿದ್ದರೆ ಹೆಡ್ಡನ್ನೇ ಬದಲಿಸಿ.

ಗೋದಾಮಿನಲ್ಲಿ ಮೂಟೆಯ ಮೇಲ್ತುದಿಗೂ ಹೆಡ್ಡಿನ ಕೆಳಗಿನ ತಟ್ಟೆಗೂ ನಡುವೆ 500 ಮಿಲಿಮೀಟರ್ ಖಾಲಿ ಇರಲಿ. ಗೋಡೆಗೆ ಕೆಂಪು ಗೆರೆ ಎಳೆದರೆ ಹಮಾಲರಿಗೆ ಹೇಳುವುದು ಸುಲಭ. ಸ್ಪ್ರಿಂಕ್ಲರ್ ಪೈಪಿಗೆ ವೈರು, ಬ್ಯಾನರ್ ಕಟ್ಟುವುದನ್ನು ಮೊದಲ ದಿನದಿಂದಲೇ ನಿಲ್ಲಿಸಿ.

ಹೆಡ್ ಬದಲಿಸುವ ಕ್ರಮ ಹೀಗೆ. ಸೆಕ್ಯುರಿಟಿಯವರಿಗೆ ತಿಳಿಸಿ, ಅಲಾರಂ ಪ್ಯಾನೆಲ್‌ನಲ್ಲಿ ಆ ವಲಯವನ್ನು ಟೆಸ್ಟ್‌ಗೆ ಹಾಕಿ. ಪಂಪ್ ರೂಮಿನಲ್ಲಿ ಒಬ್ಬರು ನಿಂತಿರಲಿ. ಮಹಡಿಯ ವಾಲ್ವ್ ಮುಚ್ಚಿ, ಡ್ರೇನ್ ತೆರೆದು ಗೇಜ್ ಸೊನ್ನೆಗೆ ಬಂದಿದ್ದನ್ನು ನೋಡಿ. ಹೆಡ್ ಕಂಪನಿಯ ಪಾನಾದಿಂದಲೇ ಬಿಚ್ಚಿ, ಪೈಪ್ ರೆಂಚ್ ಹಾಕಿದರೆ ಚೌಕಟ್ಟು ತಿರುಚುತ್ತದೆ. ಹೊಸ ಹೆಡ್ಡಿನ ತಾಪಮಾನ, ಕೆ ಸಂಖ್ಯೆ, ತೂಗುವ ಅಥವಾ ನಿಂತ ಬಗೆ, ಬಲ್ಬಿನ ದಪ್ಪ ಇವೆಲ್ಲ ವಿನ್ಯಾಸಕ್ಕೆ ಹೊಂದಬೇಕು. ಬೇಗ ಸ್ಪಂದಿಸುವುದಕ್ಕೆ ಸಾಮಾನ್ಯವಾಗಿ 3 ಮಿಲಿಮೀಟರ್ ಬಲ್ಬ್, ಮಾಮೂಲಿನದಕ್ಕೆ 5. ಕೈಯಿಂದ ಬೀಳಿಸಿದ, ದ್ರವ ಸೋರಿದ ಹೆಡ್ಡನ್ನು ಹಾಕಬೇಡಿ. ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಮೂರ್ನಾಲ್ಕು ಸುತ್ತು ಸಾಕು. ಅರ್ಧ ಇಂಚಿನ ಹೆಡ್ಡಿಗೆ 9.5ರಿಂದ 19 ನ್ಯೂಟನ್ ಮೀಟರ್ ಬಿಗಿ, ಅಂದರೆ ಕೈಬಿಗಿಯ ಮೇಲೆ ಸುಮಾರು ಒಂದರಿಂದ ಒಂದೂವರೆ ಸುತ್ತು. ಅತಿಯಾಗಿ ಬಿಗಿದರೆ ಒಳಗಿನ ಸೀಟ್ ವಿಕಾರಗೊಂಡು ಹನಿ ಬೀಳತೊಡಗುತ್ತದೆ. ಬಿಚ್ಚಿದ ಹಳೆಯ ಹೆಡ್ ಮತ್ತೆ ಬಳಸುವಂತಿಲ್ಲ. ನೀರು ತುಂಬುವಾಗ ವಾಲ್ವನ್ನು ನಿಧಾನ ತೆರೆದು, ದೂರದ ತುದಿಯಲ್ಲಿ ಗಾಳಿ ಬಿಟ್ಟು, ನೀರು ಸಮನಾಗಿ ಬಂದ ಮೇಲೆ ಮುಚ್ಚಿ. ವಾಲ್ವ್ ಪೂರ್ತಿ ತೆರೆದು, ಸರಪಳಿ ಬಿಗಿದು, ಬೀಗ ಹಾಕಿ ಬನ್ನಿ. 300ರೊಳಗೆ ಹೆಡ್ಡುಗಳಿರುವ ಕಟ್ಟಡದಲ್ಲಿ ಕನಿಷ್ಠ 6, ಸಾವಿರದವರೆಗೆ 12, ಅದಕ್ಕೂ ಮೇಲೆ 24 ಹೆಚ್ಚುವರಿ ಹೆಡ್ಡುಗಳನ್ನು, ಪಾನಾ ಸಮೇತ, ಪಂಪ್ ರೂಮಿನ ಪೆಟ್ಟಿಗೆಯಲ್ಲಿ ಇಡಬೇಕು. ಆ ಪೆಟ್ಟಿಗೆಯೂ 38 ಡಿಗ್ರಿಗಿಂತ ಬಿಸಿಯಾಗದ ಜಾಗದಲ್ಲಿರಲಿ.

ಟಾಕಿ

ಬೇಸಿಗೆಯಲ್ಲಿ ನಳದ ನೀರು ವಾರಗಟ್ಟಲೆ ಬಾರದಿದ್ದಾಗ ಫೈರ್ ಟಾಕಿಯ ಮೇಲೆ ಎಲ್ಲರ ಕಣ್ಣು ಬೀಳುತ್ತದೆ. 50,000 ಲೀಟರಿನ ಟಾಕಿ, ನಿಮಿಷಕ್ಕೆ 2,280 ಲೀಟರ್ ಎಳೆಯುವ ಮುಖ್ಯ ಪಂಪಿಗೆ 22 ನಿಮಿಷವೂ ಸಾಲುವುದಿಲ್ಲ. ಅರ್ಧ ಖಾಲಿಯಾಗಿದ್ದರೆ 11 ನಿಮಿಷ. ಅಗ್ನಿಶಾಮಕ ವಾಹನ ಬಂದು ಸೇರಿಕೊಳ್ಳುವ ಮುನ್ನವೇ ನೀರು ಮುಗಿದಿರುತ್ತದೆ. ಇದಕ್ಕೆ ಬೀಗಕ್ಕಿಂತ ಒಳ್ಳೆಯ ಉಪಾಯವಿದೆ: ಬೋರ್ ಅಥವಾ ಟ್ಯಾಂಕರ್ ನೀರು ಮೊದಲು ಫೈರ್ ಟಾಕಿಗೆ ಬೀಳಲಿ, ಅದು ತುಂಬಿ ಉಕ್ಕಿದ್ದು ಬಳಕೆಯ ಟಾಕಿಗೆ ಹೋಗಲಿ. ಫೈರ್ ಟಾಕಿ ಸದಾ ತುಂಬಿರುತ್ತದೆ, ನೀರು ಹಳಸುವುದೂ ಇಲ್ಲ.

ವರ್ಷಕ್ಕೊಮ್ಮೆ ಟಾಕಿಯ ತಳದ ಕೆಸರು ತೆಗೆಸಿ. ಎರಡು ಭಾಗಗಳಿರುವ ಟಾಕಿಯಾದರೆ ಒಂದೊಂದನ್ನೇ ಖಾಲಿ ಮಾಡಿ. ಒಳಗಿಳಿಯುವ ಮೊದಲು ಗಾಳಿಯಾಡಲು ಬಿಡಿ, ಮೇಲೆ ಒಬ್ಬರು ಹಗ್ಗ ಹಿಡಿದು ನಿಂತಿರಲಿ. ಪಂಪ್ ನೀರೆಳೆಯುವ ಸಕ್ಷನ್ ಪೈಪಿನ ಜಾಲರಿಯನ್ನು ಆಗಲೇ ಬಿಚ್ಚಿ ತೊಳೆಯಿರಿ. ಪಂಪಿಗಿಂತ ಕೆಳಗೆ ಟಾಕಿ ಇದ್ದರೆ ಆ ಪೈಪಿನ ತಳದಲ್ಲಿ ನೀರು ಹಿಂದಕ್ಕಿಳಿಯದಂತೆ ತಡೆಯುವ ಫುಟ್ ವಾಲ್ವಿನ ಚರ್ಮ ಅಥವಾ ರಬ್ಬರ್ ಬದಲಿಸುವುದಕ್ಕೂ ಅದೇ ಸಮಯ. ಫುಟ್ ವಾಲ್ವ್ ಸೋರಿದರೆ ಸಕ್ಷನ್ ಪೈಪಿನ ನೀರು ರಾತ್ರೋರಾತ್ರಿ ಕೆಳಗಿಳಿಯುತ್ತದೆ. ಆಮೇಲೆ ಪಂಪ್ ತಿರುಗುತ್ತದೆ, ಸದ್ದು ಮಾಡುತ್ತದೆ, ನೀರೆತ್ತುವುದಿಲ್ಲ. ಆ ಪೈಪನ್ನು ತುಂಬಿಡುವ ಪ್ರೈಮಿಂಗ್ ಟಾಕಿಯ ಮಟ್ಟ ದಿನವೂ ಇಳಿಯುತ್ತಿದ್ದರೆ ಅದೇ ಮೊದಲ ಸುಳಿವು.

ಪಂಪ್ ರೂಮ್

ಇಲ್ಲಿ ಮೂರು ಪಂಪುಗಳು. ಸಣ್ಣ ಸೋರಿಕೆಯ ಒತ್ತಡ ತುಂಬಲು ನಿಮಿಷಕ್ಕೆ ಸಾಮಾನ್ಯವಾಗಿ 180 ಲೀಟರಿನ ಜಾಕಿ, ಕರೆಂಟಿನ ಮುಖ್ಯ ಪಂಪ್, ಕರೆಂಟ್ ಇಲ್ಲದಾಗ ಡೀಸೆಲ್ ಪಂಪ್. ಏಳು ಕೆಜಿ ಇರುವ ವ್ಯವಸ್ಥೆಯಲ್ಲಿ ಜಾಕಿ 6.5ಕ್ಕೆ ಶುರುವಾಗಿ 7ಕ್ಕೆ ನಿಲ್ಲುವಂತೆ, ಮುಖ್ಯ ಪಂಪ್ 5.5ಕ್ಕೆ, ಡೀಸೆಲ್ 4.5ಕ್ಕೆ ಶುರುವಾಗುವಂತೆ ಇಡಬಹುದು. ನಿಮ್ಮ ವಿನ್ಯಾಸದ ಅಂಕಿಗಳನ್ನು ಪ್ಯಾನೆಲ್ ಬಾಗಿಲಿಗೆ ಬರೆದು ಅಂಟಿಸಿ. ಜಾಕಿ ತಾನೇ ನಿಲ್ಲಬೇಕು. ಮುಖ್ಯ ಮತ್ತು ಡೀಸೆಲ್ ಪಂಪುಗಳನ್ನು ಮನುಷ್ಯ ಬಂದು ನೋಡಿಯೇ ನಿಲ್ಲಿಸಬೇಕು. ತಾವಾಗಿಯೇ ನಿಲ್ಲುವಂತೆ ಯಾರಾದರೂ ವೈರಿಂಗ್ ಬದಲಿಸಿದ್ದರೆ ಕೂಡಲೇ ಸರಿಪಡಿಸಿ.

ವಾರದ ಪರೀಕ್ಷೆ ಬಟನ್ ಒತ್ತಿ ಮಾಡುವಂಥದ್ದಲ್ಲ. ಬಟನ್ ಒತ್ತಿದರೆ ಮೋಟರ್ ತಿರುಗುತ್ತದೆಂದು ಗೊತ್ತಾಗುತ್ತದೆ, ಒತ್ತಡ ಇಳಿದಾಗ ಪಂಪ್ ಎಬ್ಬಿಸುವ ಪ್ರೆಷರ್ ಸ್ವಿಚ್ ಬದುಕಿದೆಯೇ ಎಂದು ಗೊತ್ತಾಗುವುದಿಲ್ಲ. ಜಾಕಿ ಬಂದ್ ಮಾಡಿ, ಪಂಪುಗಳ ನೀರು ಸೇರುವ ಹೆಡರ್ ಪೈಪಿನ ಡ್ರೇನ್ ನಿಧಾನ ತೆರೆಯಿರಿ. ಮುಳ್ಳು ಎಷ್ಟಕ್ಕೆ ಇಳಿದಾಗ ಮುಖ್ಯ ಪಂಪ್ ಎದ್ದಿತು, ಬರೆದುಕೊಳ್ಳಿ. ಹತ್ತು ನಿಮಿಷ ಓಡಿಸಿ. ನಂತರ ಅದನ್ನು ಬಂದ್ ಮಾಡಿ, ಮತ್ತೆ ಒತ್ತಡ ಇಳಿಸಿ, ಡೀಸೆಲ್ ಎದ್ದ ಅಂಕಿ ಬರೆದು ಅರ್ಧ ಗಂಟೆ ಓಡಿಸಿ. ಓಡುವಾಗ ಸ್ವಲ್ಪ ನೀರು ರಿಲೀಫ್ ದಾರಿಯಿಂದ ಹರಿಯುತ್ತಿರಬೇಕು, ಇಲ್ಲವಾದರೆ ಪಂಪಿನ ಒಳಗಿನ ನೀರು ಕುದಿಯುವಷ್ಟು ಕಾಯುತ್ತದೆ. ಶಾಫ್ಟಿನ ಸುತ್ತ ಸೋರಿಕೆ ತಡೆಯುವ ಗ್ಲ್ಯಾಂಡ್ ಡೋರಿಯಿಂದ ಸೆಕೆಂಡಿಗೊಂದು ಹನಿಯ ಅಂದಾಜಿಗೆ ನೀರು ತೊಟ್ಟಿಕ್ಕುವುದು ಒಳ್ಳೆಯದು. ಹನಿ ನಿಲ್ಲುವಂತೆ ಬಿಗಿದರೆ ಡೋರಿ ಸುಟ್ಟು ಶಾಫ್ಟ್ ಸವೆಯುತ್ತದೆ. ಮುಗಿದ ಮೇಲೆ ಮೂರೂ ಸೆಲೆಕ್ಟರ್ ಸ್ವಿಚ್ ಆಟೋದಲ್ಲಿವೆ ಎಂದು ಕೈಯಿಂದ ಮುಟ್ಟಿ ನೋಡಿ. ಪರೀಕ್ಷೆಯ ನಂತರ ಮ್ಯಾನುಯಲ್‌ನಲ್ಲೇ ಬಿಟ್ಟ ಪಂಪ್, ಇಲ್ಲದ ಪಂಪಿಗೆ ಸಮ.

ಪಂಪ್ ತಡವಾಗಿ ಏಳುತ್ತಿದ್ದರೆ ಸ್ವಿಚ್ಚಿನ ಸ್ಪ್ರಿಂಗ್ ತಿರುಗಿಸುವ ಮೊದಲು ಅದಕ್ಕೆ ಹೋಗುವ ತೆಳು ಪೈಪನ್ನು ಬಿಚ್ಚಿ ನೋಡಿ. ಗಡಸು ನೀರಿನ ಸುಣ್ಣ, ತುಕ್ಕಿನ ಕೆಸರು ಅಲ್ಲೇ ಕಟ್ಟಿಕೊಳ್ಳುವುದು.

ಡೀಸೆಲ್ ಎಂಜಿನ್ ಏಳದಿರಲು ಬಹುಪಾಲು ಕಾರಣ ಬ್ಯಾಟರಿ. ಚಾರ್ಜರ್ ಹಾಕಿಟ್ಟೇ ವೋಲ್ಟೇಜ್ ನೋಡಿದರೆ ಸತ್ತ ಬ್ಯಾಟರಿಯೂ ಚೆನ್ನಾಗಿ ಕಾಣುತ್ತದೆ. ಚಾರ್ಜರ್ ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಅಳೆಯಿರಿ: 12 ವೋಲ್ಟಿನ ತುಂಬಿದ ಬ್ಯಾಟರಿ ಸುಮಾರು 12.6 ತೋರಿಸಬೇಕು. ಎಂಜಿನ್ ಎಬ್ಬಿಸುವಾಗ 9.6ಕ್ಕಿಂತ ಕೆಳಗಿಳಿಯಬಾರದು. ಬ್ಯಾಟರಿ ಆಮ್ಲದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್‌ನಲ್ಲಿ 1.250ರಿಂದ 1.280 ಇರಲಿ. ಒಂದು ಸೆಲ್ ಉಳಿದವುಗಳಿಗಿಂತ 0.050 ಕಡಿಮೆ ಇದ್ದರೆ ಬ್ಯಾಟರಿ ಬದಲಿಸುವ ಕಾಲ ಬಂತು. ನಮ್ಮ ಬಿಸಿಲಿಗೆ ಬ್ಯಾಟರಿ ನೀರು ಬೇಗ ಆರುತ್ತದೆ, ಮಾರ್ಚ್‌ನಿಂದ ಜೂನ್‌ವರೆಗೆ ವಾರಕ್ಕೊಮ್ಮೆ ನೋಡಿ, ಡಿಸ್ಟಿಲ್ಡ್ ನೀರನ್ನೇ ಹಾಕಿ. ಡೀಸೆಲ್ ಟ್ಯಾಂಕ್ ಮೂರನೇ ಎರಡು ಭಾಗಕ್ಕಿಂತ ಕೆಳಗಿಳಿಯಬಾರದು. ತಳದ ನಲ್ಲಿಯಿಂದ ತಿಂಗಳಿಗೊಮ್ಮೆ ಸ್ವಲ್ಪ ಇಳಿಸಿ, ಸೇರಿಕೊಂಡ ನೀರು ಹೊರಗೆ ಹೋಗಲಿ. ಎಂಜಿನ್ ಆಯಿಲ್ 50 ಗಂಟೆಗೆ ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಅದು.

ವರ್ಷಕ್ಕೊಮ್ಮೆ ಫ್ಲೋ ಮೀಟರ್ ಹಾಕಿ ಪೂರ್ಣ ಪರೀಕ್ಷೆ ಮಾಡಿಸಿ. 2,280 ಲೀಟರಿನ ಪಂಪ್ ಒಂದೂವರೆ ಪಟ್ಟು, ಅಂದರೆ 3,420 ಲೀಟರ್ ಹರಿಸುವಾಗಲೂ ತನ್ನ ದರದ ಒತ್ತಡದ ಶೇ. 65 ಉಳಿಸಿಕೊಳ್ಳಬೇಕು, ಏಳು ಕೆಜಿಯ ಪಂಪಿಗೆ 4.55. ಅಷ್ಟು ಬಾರದಿದ್ದರೆ ಪಂಪಿನೊಳಗೆ ತಿರುಗುವ ಇಂಪೆಲ್ಲರ್ ಸವೆದಿದೆ, ಅಥವಾ ಸಕ್ಷನ್ ಕಟ್ಟಿಕೊಂಡಿದೆ.

ಬೆಳಗಾವಿಯವರಿಗೆ ಒಂದು ಮಾತು. ಅಲ್ಲಿನ ಮಳೆಗೆ ಬೇಸ್‌ಮೆಂಟ್ ಪಂಪ್ ರೂಮಿಗೆ ನೀರು ನುಗ್ಗುವ ಭಯ ಹೆಚ್ಚು. ಪ್ಯಾನೆಲ್, ಬ್ಯಾಟರಿ, ಚಾರ್ಜರ್ ನೆಲದಿಂದ ಎತ್ತರದಲ್ಲಿರಲಿ, ಸಂಪ್ ಪಂಪನ್ನು ಜೂನ್‌ಗೆ ಮೊದಲೇ ಓಡಿಸಿ ನೋಡಿ.

ಎರೆಮಣ್ಣಿನಲ್ಲಿ ಹೂತ ಪೈಪ್

ಎರೆಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಅದರಲ್ಲಿ ನೇರವಾಗಿ ಹೂತ ಪೈಪ್ ವರ್ಷಕ್ಕೊಮ್ಮೆ ಮೇಲೆ ಕೆಳಗೆ ಎಳೆದಾಡಿಸಿಕೊಳ್ಳುತ್ತದೆ, ವೆಲ್ಡಿಂಗ್ ಮತ್ತು ಫ್ಲ್ಯಾಂಜ್ ಜೋಡಣೆಗಳು ಬಾಯಿ ಬಿಡುತ್ತವೆ. ಮೃಗಶಿರಾ ಮಳೆ ಬಿದ್ದ ಮೇಲೆ ಜಾಕಿ ಪಂಪ್ ಪದೇ ಪದೇ ಏಳತೊಡಗಿದರೆ ಮೊದಲು ಇಲ್ಲಿ ಹುಡುಕಿ. ಜಾಕಿ ಗಂಟೆಗೆ ಎಷ್ಟು ಸಲ ಏಳುತ್ತದೆ ಎಂದು ಬರೆದಿಡುವುದು ಅತ್ಯಂತ ಅಗ್ಗದ ತಪಾಸಣೆ. ಪ್ಯಾನೆಲ್‌ನಲ್ಲಿ ಎಣಿಕೆಯ ಮೀಟರ್ ಹಾಕಿಸಿದರೆ ಇನ್ನೂ ಸುಲಭ.

ಸೋರಿಕೆ ಹುಡುಕಲು ಎಲ್ಲ ವಾಲ್ವ್ ತೆರೆದಿರುವಾಗ ಜಾಕಿ ನಿಲ್ಲಿಸಿ, ಒತ್ತಡ ಇಳಿಯುವ ವೇಗ ನೋಡಿ. ನಂತರ ಒಂದೊಂದೇ ವಲಯದ ವಾಲ್ವ್ ಮುಚ್ಚಿ ಮತ್ತೆ ನೋಡಿ. ಯಾವುದನ್ನು ಮುಚ್ಚಿದಾಗ ಇಳಿಕೆ ನಿಂತಿತೋ ಸೋರಿಕೆ ಅದರಾಚೆ. ಎಲ್ಲ ಮುಚ್ಚಿದರೂ ಇಳಿಯುತ್ತಿದ್ದರೆ ಪಂಪಿನ ಮುಂದಿನ ನಾನ್-ರಿಟರ್ನ್ ವಾಲ್ವ್ ಹಿಂದಕ್ಕೆ ಬಿಡುತ್ತಿರಬಹುದು, ಅಥವಾ ನೆಲದೊಳಗಿನ ಮುಖ್ಯ ಪೈಪ್ ಹೋಗಿದೆ. ನಾನ್-ರಿಟರ್ನ್ ವಾಲ್ವಿನಾಚೆಯ ವಾಲ್ವ್ ಮುಚ್ಚಿದರೆ ಎರಡರಲ್ಲಿ ಯಾವುದೆಂದು ತಿಳಿಯುತ್ತದೆ. ಹುಡುಕಾಟ ಮುಗಿದೊಡನೆ ಮುಚ್ಚಿದ ಪ್ರತಿ ವಾಲ್ವನ್ನೂ ತೆರೆದು ಬೀಗ ಹಾಕಿ. ದುರಸ್ತಿಗೆ ಅಗೆದಾಗ ಅದೇ ಎರೆಮಣ್ಣು ತುಂಬಬೇಡಿ. ತಳಕ್ಕೆ ಮರಳು, ಸುತ್ತ ಗರಸು ಹಾಕಿ ದಮ್ಮಸು ಮಾಡಿ, ಪೈಪಿಗೆ ಕೋಟಿಂಗ್ ಸುತ್ತಿ, ಕಟ್ಟಡದೊಳಗೆ ಹೋಗುವಲ್ಲಿ ಸ್ವಲ್ಪ ಬಾಗಬಲ್ಲ ಗ್ರೂವ್ಡ್ ಕಪ್ಲಿಂಗ್ ಕೊಡಿ. ಸಾಧ್ಯವಿದ್ದಲ್ಲಿ ಗೋಡೆಗುಂಟ ಮೇಲೆಯೇ ಒಯ್ಯುವುದು ನಮ್ಮ ನೆಲಕ್ಕೆ ಎಲ್ಲಕ್ಕಿಂತ ಮೇಲು.

ವಾಲ್ವ್ ಮತ್ತು ಗಂಟೆ

ತಿಂಗಳಿಗೊಮ್ಮೆ ಎಲ್ಲ ವಾಲ್ವ್‌ಗಳ ಬೀಗ ನೋಡಿ. ಮೂರು ತಿಂಗಳಿಗೊಮ್ಮೆ ಮುಖ್ಯ ಡ್ರೇನ್ ಪೂರ್ತಿ ತೆರೆದು ಎರಡು ಅಂಕಿ ಬರೆಯಿರಿ: ಹರಿಯುವ ಮುಂಚಿನ ಒತ್ತಡ, ಹರಿಯುವಾಗಿನ ಒತ್ತಡ. ಎರಡನೆಯದು ಕಳೆದ ಸಲಕ್ಕಿಂತ ಶೇ. 10ಕ್ಕೂ ಹೆಚ್ಚು ಬಿದ್ದಿದ್ದರೆ ಎಲ್ಲೋ ವಾಲ್ವ್ ಅರ್ಧ ಮುಚ್ಚಿದೆ ಅಥವಾ ಪೈಪ್ ಕಟ್ಟಿದೆ. ನಿಂತ ಒತ್ತಡ ಮಾತ್ರ ನೋಡಿದರೆ ಇದು ಎಂದೂ ತಿಳಿಯುವುದಿಲ್ಲ, ಎರಡು ಸುತ್ತಷ್ಟೇ ತೆರೆದ ವಾಲ್ವಿನ ಹಿಂದೆಯೂ ಗೇಜ್ ಏಳು ತೋರಿಸುತ್ತದೆ.

ಮಹಡಿಯ ದೂರದ ತುದಿಯ ಪರೀಕ್ಷಾ ವಾಲ್ವ್ ತೆರೆದರೆ ಒಂದು ಹೆಡ್ಡಿನಷ್ಟೇ ನೀರು ಹರಿಯುತ್ತದೆ. ನೀರು ಹರಿದದ್ದನ್ನು ಗುರುತಿಸುವ ಫ್ಲೋ ಸ್ವಿಚ್ಚಿನ ಅಲಾರಂ 90 ಸೆಕೆಂಡಿನೊಳಗೆ ಬರಬೇಕು. ನೀರಿನ ರಭಸಕ್ಕೆ ಬಾರಿಸುವ ಗಂಟೆ ಸುಮ್ಮನಿದ್ದರೆ ಅಲಾರಂ ಪೈಪಿನ ಕಾಕ್ ಮುಚ್ಚಿದೆಯೇ, ಜಾಲರಿ ಕಟ್ಟಿದೆಯೇ, ಗಂಟೆಯ ನಾಜಲ್‌ನಲ್ಲಿ ಸುಣ್ಣ ಕೂತಿದೆಯೇ, ಈ ಕ್ರಮದಲ್ಲಿ ನೋಡಿ. ಒತ್ತಡದ ಸಣ್ಣ ಏರಿಳಿತಕ್ಕೆ ಗಂಟೆ ಬಾರಿಸದಂತೆ ತಡೆಯುವ ರಿಟಾರ್ಡ್ ಚೇಂಬರಿನ ತಳದ ಸಣ್ಣ ತೂತು ಕಟ್ಟಿದರೆ ತೊಂದರೆ ತಿರುಗಾ-ಮುರುಗಾ ಆಗುತ್ತದೆ: ಒಳಗಿನ ನೀರು ಇಳಿಯದೆ, ಜಾಕಿ ಎದ್ದಾಗಲೆಲ್ಲ ಸುಳ್ಳು ಗಂಟೆ. ಹನಿ ಬಿದ್ದು ಆರುವ ಜಾಗದಲ್ಲೇ ಬೋರ್ ನೀರಿನ ಸುಣ್ಣ ಗಟ್ಟಿಯಾಗುವುದು. ಆ ಭಾಗಗಳನ್ನು ಬಿಚ್ಚಿ ನಿಂಬೆಉಪ್ಪಿನ ನೀರಿನಲ್ಲಿ ನೆನೆಸಿ ತೊಳೆಯಿರಿ. ತಂತಿ, ಡ್ರಿಲ್ ಹಾಕಿದರೆ ತೂತಿನ ಅಳತೆ ಕೆಡುತ್ತದೆ. ಗಂಟೆಗೆ ನೀರು ಬಿಡುವ ಅಲಾರಂ ವಾಲ್ವಿನ ಒಳಗಿನ ಮುಚ್ಚಳ (ಕ್ಲ್ಯಾಪರ್), ರಬ್ಬರ್ ಸೀಟನ್ನು ಐದು ವರ್ಷಕ್ಕೊಮ್ಮೆ ತೆರೆದು ನೋಡಬೇಕೆಂಬುದು ಎನ್‌ಎಫ್‌ಪಿಎ 25ರ ಲೆಕ್ಕ. ಗಡಸು ನೀರಿರುವಲ್ಲಿ ವರ್ಷಕ್ಕೊಮ್ಮೆ ನೋಡುವುದು ಸರಿ.

ಪೈಪ್ ಒಳಗಿನಿಂದ ತುಕ್ಕು ಹಿಡಿಯುವುದು ನೀರಿನಿಂದಷ್ಟೇ ಅಲ್ಲ, ನೀರಿನ ಮೇಲೆ ಸಿಕ್ಕಿಬಿದ್ದ ಗಾಳಿಯಿಂದ. ಸೂಜಿತೂತುಗಳು ಹೆಚ್ಚಾಗಿ ಗಾಳಿ ನೀರು ಸೇರುವ ಗೆರೆಯ ಬಳಿಯೇ ಬೀಳುತ್ತವೆ. ಪ್ರತಿ ಸಲ ಖಾಲಿ ಮಾಡಿ ತುಂಬಿದಾಗ ಹೊಸ ಗಾಳಿ ಒಳಗೆ ಹೋಗುತ್ತದೆ, ಆದ್ದರಿಂದ ನಾಲ್ಕು ಸಣ್ಣ ಕೆಲಸಗಳನ್ನು ಒಂದೇ ಖಾಲಿಯಲ್ಲಿ ಮುಗಿಸಿ, ಎತ್ತರದ ತುದಿಗೆ ಗಾಳಿ ಬಿಡುವ ವಾಲ್ವ್ ಹಾಕಿಸಿ. ಐದು ವರ್ಷಕ್ಕೊಮ್ಮೆ ಒಂದು ಕವಲಿನ ತುದಿ, ಒಂದು ಮುಖ್ಯ ಪೈಪಿನ ತುದಿ ಬಿಚ್ಚಿ ಒಳಗೆ ನೋಡಿ. ಗಂಟುಗಂಟಾದ ತುಕ್ಕೋ ಕೊಳೆತ ಮೊಟ್ಟೆಯ ವಾಸನೆಯ ಕಪ್ಪು ನೀರೋ ಕಂಡರೆ ಇಡೀ ವಲಯವನ್ನು ಫ್ಲಶ್ ಮಾಡಿಸಬೇಕು.

ನೀರು ಸಲ್ಲದ ಕಡೆ

ಒಣದ್ರಾಕ್ಷಿಯ ಕೋಲ್ಡ್ ಸ್ಟೋರೇಜ್‌ಗಳಲ್ಲಿ 4 ಡಿಗ್ರಿಗಿಂತ ಕೆಳಗಿಳಿಯುವ ಕೋಣೆಗೆ ನೀರು ತುಂಬಿದ ಪೈಪ್ ಸಲ್ಲದು, ಗಾಳಿ ತುಂಬಿದ ಒಣ ಪೈಪ್ ಬೇಕು. ಅದರ ತಗ್ಗಿನ ಡ್ರೇನ್‌ಗಳಲ್ಲಿ ಕೂತ ನೀರನ್ನು ಆಗಾಗ ತೆಗೆಯಬೇಕು.

ಸರ್ವರ್ ಕೋಣೆಯಲ್ಲಿ ಬೆಂಕಿ ಆರಿಸುವ ಎಫ್‌ಎಂ-200 ಅನಿಲದ ಸಿಲಿಂಡರನ್ನು ಆರು ತಿಂಗಳಿಗೊಮ್ಮೆ ತೂಗಿ. ತೂಕದಲ್ಲಿ ಶೇ. 5, ಅಥವಾ ತಾಪಮಾನಕ್ಕೆ ಹೊಂದಿಸಿದ ಒತ್ತಡದಲ್ಲಿ ಶೇ. 10 ಕಡಿಮೆಯಾದರೆ ಮರುಭರ್ತಿ. ಗೇಜಿನ 25 ಅಥವಾ 42 ಬಾರ್ ಎಂಬ ಅಂಕಿ 21 ಡಿಗ್ರಿಯದು. ಬಿಸಿ ಕೋಣೆಯಲ್ಲಿ ಮುಳ್ಳು ಮೇಲೇರಿ, ಸೋರಿಕೆಯನ್ನು ಮುಚ್ಚಿಬಿಡುತ್ತದೆ. ತಾಪಮಾನದ ಪಟ್ಟಿ ನೋಡದೆ ಸಹಿ ಹಾಕಬೇಡಿ. ಹೊಸ ಕೇಬಲ್ ಎಳೆದವರು ಗೋಡೆಗೆ ಕೊರೆದ ತೂತು ಮುಚ್ಚಿದ್ದಾರೆಯೇ ನೋಡಿ, ಅನಿಲ ಹತ್ತು ನಿಮಿಷ ಕೋಣೆಯಲ್ಲಿ ನಿಲ್ಲಬೇಕು. ಕಾರ್ಬನ್ ಡೈಆಕ್ಸೈಡ್ ವ್ಯವಸ್ಥೆಯಾದರೆ ಶೇ. 10 ತೂಕ ಕಳೆದಾಗ ಮರುಭರ್ತಿ. ಬೆಂಕಿ ಆರಿಸಲು ಬೇಕಾಗುವ ಶೇ. 34ರ ಸಾಂದ್ರತೆ ಮನುಷ್ಯನನ್ನು ಕೊಲ್ಲುತ್ತದೆ. ಆ ಕೋಣೆಗೆ ಕೆಲಸಕ್ಕೆ ಹೋಗುವ ಮೊದಲು ಬಿಡುಗಡೆಯ ವಾಲ್ವಿಗೆ ಬೀಗ ಹಾಕಿ ಚಾವಿ ಜೇಬಿನಲ್ಲಿಟ್ಟುಕೊಳ್ಳಿ.

ಖಾನಾವಳಿ, ಹೋಟೆಲ್ ಚಿಮಣಿಯ ಒಳಗಿನ ಬೆಂಕಿ ಆರಿಸುವ ವ್ಯವಸ್ಥೆಗೆ ಶತ್ರು ಎಣ್ಣೆ ಜಿಡ್ಡು. ಬಿಸಿಗೆ ಕರಗಿ ಅದನ್ನು ಶುರು ಮಾಡುವ ಲಿಂಕ್‌ಗಳನ್ನು ಆರು ತಿಂಗಳಿಗೊಮ್ಮೆ ಬದಲಿಸಿ, ನಾಜಲ್‌ಗಳ ಮುಚ್ಚಳ ಇದೆಯೇ ನೋಡಿ, ಕೈಯಿಂದ ಶುರು ಮಾಡುವ ಹಿಡಿಯನ್ನು ಎಳೆದಾಗ ಗ್ಯಾಸ್ ಕೂಡ ಬಂದ್ ಆಗುತ್ತದೆಯೇ ಎಂದು ಪರೀಕ್ಷಿಸಿ.

ವಾರ್ಷಿಕ ಕರಾರು ಮಾಡುವಾಗ "ಸರ್ವಿಸ್ ಮಾಡಲಾಯಿತು" ಎಂಬ ಒಂದು ಸಾಲಿನ ವರದಿ ಒಪ್ಪಬೇಡಿ. ಪಂಪುಗಳು ಎದ್ದ ಒತ್ತಡ, ಮುಖ್ಯ ಡ್ರೇನಿನ ಎರಡೂ ಅಂಕಿ, ಅಲಾರಂಗೆ ಹಿಡಿದ ಸೆಕೆಂಡುಗಳು, ಚಾರ್ಜರ್ ತೆಗೆದ ಮೇಲಿನ ಬ್ಯಾಟರಿ ವೋಲ್ಟೇಜ್, ಸಿಲಿಂಡರ್‌ಗಳ ತೂಕ, ಕೆಲಸ ಮುಗಿದಾಗ ಪ್ರತಿ ವಾಲ್ವಿನ ಸ್ಥಿತಿ, ಇಷ್ಟನ್ನೂ ಕೈಬರಹದಲ್ಲಿ ಬರೆದು ನಿಮ್ಮವರೊಬ್ಬರ ಎದುರು ಸಹಿ ಮಾಡಬೇಕೆಂದು ಕರಾರಿನಲ್ಲೇ ಹಾಕಿಸಿ. ವ್ಯವಸ್ಥೆ ಬಂದ್ ಇರುವ ಗಂಟೆಗಳಲ್ಲಿ ಮಹಡಿಗಳನ್ನು ಸುತ್ತಲು ಒಬ್ಬರನ್ನು ನೇಮಿಸಿ, ಅವರ ಕೈಯಲ್ಲಿ ಟಾರ್ಚ್, ಫೋನು, ನಂದಿಸುವ ಸಿಲಿಂಡರ್ ಇರಲಿ. ವೆಲ್ಡಿಂಗ್ ಕೆಲಸವನ್ನು ಆ ದಿನ ಇಟ್ಟುಕೊಳ್ಳಬೇಡಿ.